ಥ್ರೆಡ್‌ಗಳ ನಡುವೆ ಓಡುವ ಲೈಬ್ರರಿ: ಮಾಡಬೇಕಾದ್ದು, ಮಾಡಬಾರದ್ದು

ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಸಿಸ್ಟಮ್ ಲೈಬ್ರರಿ ಬರೆಯುವವರಿಗೆ, ಅಂದರೆ ಫೈಲ್, ಸಾಕೆಟ್, ಸಿಗ್ನಲ್, ಪ್ರಾಸೆಸ್‌ಗಳ ಜೊತೆ ನೇರ ವ್ಯವಹಾರ ಇರುವ ಕೋಡ್ ಬರೆಯುವವರಿಗೆ ಈ ಸೂಚನೆ. ಉದಾಹರಣೆಗಳು ಹೆಚ್ಚಿನವು ಲಿನಕ್ಸ್ ಮತ್ತು ಪಾಸಿಕ್ಸ್ ಲೋಕದವು. ನಿಮ್ಮ ಲೈಬ್ರರಿ ಇವತ್ತು ಒಂದೇ ಥ್ರೆಡ್‌ನ ಸಣ್ಣ ಪ್ರೋಗ್ರಾಮ್‌ನಲ್ಲಿ ನೆಮ್ಮದಿಯಾಗಿ ಓಡುತ್ತಿರಬಹುದು. ನಾಳೆ ಅದನ್ನು ಯಾರೋ ಅರವತ್ತನಾಲ್ಕು ಥ್ರೆಡ್ ಓಡಿಸುವ ಸರ್ವರ್‌ಗೆ ಲಿಂಕ್ ಮಾಡುತ್ತಾರೆ. ನಿಮ್ಮನ್ನು ಕೇಳಿ ಮಾಡುವುದಿಲ್ಲ. ಆಮೇಲೆ ಒಂದು ರಾತ್ರಿ ಅವರ ಸರ್ವರ್ ಬೀಳುತ್ತದೆ. ಕೋರ್ ಡಂಪ್ ತೆಗೆದು ನೋಡಿದರೆ ಬಿದ್ದ ಜಾಗದಲ್ಲಿ ನಿಮ್ಮ ಲೈಬ್ರರಿಯ ಹೆಸರೇ ಇರುವುದಿಲ್ಲ, ಯಾಕೆಂದರೆ ಹಾಳು ಮಾಡಿದ ಥ್ರೆಡ್ ಬೇರೆ, ಬಿದ್ದ ಥ್ರೆಡ್ ಬೇರೆ. ಇಂಥ ಬಗ್ ಹಿಂದೆ ವಾರಗಟ್ಟಲೆ ನಿದ್ದೆಗೆಟ್ಟವರನ್ನು ಹತ್ತಿರದಿಂದ ನೋಡಿದ್ದೇನೆ. ಥ್ರೆಡ್ ಸುರಕ್ಷತೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮುಂದೂಡುವುದು ಅಂಥವರಿಗೆ ಮಾಡುವ ಅನ್ಯಾಯ.

ಕೆಳಗಿನ ಮಾತುಗಳನ್ನು ಸಲಹೆ ಎಂದುಕೊಳ್ಳಬೇಡಿ, ಕಟ್ಟಳೆ ಎಂದೇ ತಿಳಿಯಿರಿ. ಇವನ್ನು ಪಾಲಿಸದ ಪ್ಯಾಚ್ ಎಷ್ಟೇ ಚೆನ್ನಾಗಿದ್ದರೂ ರಿವ್ಯೂನಲ್ಲಿ ತಡೆಯಿರಿ. ಎಲ್ಲಕ್ಕೂ ಮೂಲವಾದ ಕಟ್ಟಳೆ ಒಂದೇ: ಲಾಕ್ ಎಲ್ಲಿ ಹಾಕಲಿ ಎಂದು ಯೋಚಿಸುವ ಮುನ್ನ, ಹಂಚಿಕೊಂಡ ಸ್ಥಿತಿಯನ್ನು ಎಷ್ಟು ಕಡಿಮೆ ಮಾಡಬಹುದು ಎಂದು ನೋಡಿ. ಇಲ್ಲದ ಹಂಚಿಕೆಗೆ ಲಾಕ್ ಬೇಕಾಗುವುದಿಲ್ಲ.

ಒಳಗೆ ಬಚ್ಚಿಟ್ಟ ಸ್ಥಿತಿ

ಫಂಕ್ಷನ್ ಒಳಗೆ ಸ್ಟ್ಯಾಟಿಕ್ ಬಫರ್ ಇಟ್ಟು ಅದರ ವಿಳಾಸವನ್ನು ಕರೆದವರ ಕೈಗೆ ಕೊಡಬೇಡಿ. ಸಿ ಭಾಷೆಯ ಹಳೆಯ ಲೈಬ್ರರಿ ಈ ತಪ್ಪುಗಳಿಂದ ತುಂಬಿದೆ. ಲೋಕಲ್‌ಟೈಮ್, ಸಿಟೈಮ್, ಗೆಟ್‌ಹೋಸ್ಟ್‌ಬೈನೇಮ್, ಗೆಟ್‌ಪಿಡಬ್ಲ್ಯುನ್ಯಾಮ್ ಎಲ್ಲವೂ ಒಂದೇ ಒಂದು ಬಫರನ್ನು ಇಡೀ ಪ್ರಾಸೆಸ್‌ಗೆ ಹಂಚುವ ಫಂಕ್ಷನ್‌ಗಳು. ಥ್ರೆಡ್ ಇಲ್ಲದ ಕಾಲದಲ್ಲಿ ಬರೆದವರನ್ನು ದೂರಿ ಪ್ರಯೋಜನವಿಲ್ಲ. ಇವತ್ತೂ ಹಾಗೆಯೇ ಬರೆಯುವವರನ್ನು ದೂರಲೇಬೇಕು.

ಸ್ಟ್ರ್‌ಟಾಕ್ ಫಂಕ್ಷನ್ ಹೇಗೆ ಕೈಕೊಡುತ್ತದೆ ಎಂಬುದನ್ನು ಒಮ್ಮೆ ಹೆಜ್ಜೆ ಹೆಜ್ಜೆಯಾಗಿ ನೋಡಿ. ಒಂದನೇ ಥ್ರೆಡ್ "ಬೀದರ,ಯಾದಗಿರಿ,ರಾಯಚೂರು" ಎಂಬ ಸಾಲನ್ನು ಅಲ್ಪವಿರಾಮದಲ್ಲಿ ಒಡೆಯಲು ಹೊರಟಿದೆ. ಮೊದಲ ಕರೆಗೆ "ಬೀದರ" ಸಿಕ್ಕಿತು. ಮುಂದೆ ಎಲ್ಲಿಂದ ಓದಬೇಕು ಎಂಬ ಗುರುತನ್ನು ಸ್ಟ್ರ್‌ಟಾಕ್ ತನ್ನ ಸ್ಟ್ಯಾಟಿಕ್ ಪಾಯಿಂಟರ್‌ನಲ್ಲಿ ಇಟ್ಟುಕೊಂಡಿತು. ಅಷ್ಟರಲ್ಲಿ ಎರಡನೇ ಥ್ರೆಡ್ "10:45:20" ಎಂಬ ಸಮಯವನ್ನು ಕೋಲನ್ ಗುರುತಿನಲ್ಲಿ ಒಡೆಯಲು ಅದೇ ಫಂಕ್ಷನ್ ಕರೆಯಿತು. ಅದಕ್ಕೆ "10" ಸಿಕ್ಕಿತು, ಪಾಯಿಂಟರ್ ಈಗ "45:20" ಮೇಲೆ ನಿಂತಿತು. ಒಂದನೇ ಥ್ರೆಡ್ ಮತ್ತೆ ಬಂದು ಮುಂದಿನ ಊರು ಕೊಡು ಎಂದರೆ ಸಿಗುವುದು "45:20". ಎರಡನೇ ಥ್ರೆಡ್ ನಿಮಿಷ ಕೇಳಿದರೆ ಏನೂ ಇಲ್ಲ, ಮುಗಿಯಿತು ಎಂಬ ಉತ್ತರ. ಗಮನಿಸಿ, ಇಲ್ಲಿ ಯಾವುದೂ ಕ್ರ್ಯಾಶ್ ಆಗಲಿಲ್ಲ. ಒಂದು ಕಡೆ ಎರಡು ಜಿಲ್ಲೆ ಮಾಯವಾದವು, ಇನ್ನೊಂದು ಕಡೆ ಸಮಯ ಅರ್ಧಕ್ಕೆ ನಿಂತಿತು, ಲಾಗ್‌ನಲ್ಲಿ ಒಂದು ಸಾಲೂ ಬೀಳಲಿಲ್ಲ. ಕ್ರ್ಯಾಶ್ ಆಗುವ ಬಗ್‌ಗಿಂತ ಇದು ಕೆಟ್ಟದ್ದು.

ಆದ್ದರಿಂದ ಸ್ಥಿತಿಯನ್ನು ಕರೆದವರ ಕೈಯಲ್ಲೇ ಇಡಿ. ಸ್ಟ್ರ್‌ಟಾಕ್ ಅಂಡರ್‌ಸ್ಕೋರ್ ಆರ್ ಮಾಡುವುದು ಇಷ್ಟೇ: ಗುರುತಿನ ಪಾಯಿಂಟರನ್ನು ಕರೆದವರಿಂದ ಕೇಳಿ ಪಡೆಯುತ್ತದೆ. ನಿಮ್ಮ ಲೈಬ್ರರಿಯ ಪ್ರತಿ ಫಂಕ್ಷನ್ನೂ ತನಗೆ ಬೇಕಾದ ಸ್ಥಿತಿಯನ್ನು ಒಂದು ಹ್ಯಾಂಡಲ್ ಮೂಲಕ ಪಡೆಯಲಿ. ಹ್ಯಾಂಡಲ್ ತೆರೆಯುವ ಫಂಕ್ಷನ್ ಒಂದು, ಮುಚ್ಚುವುದು ಒಂದು, ನಡುವಿನವೆಲ್ಲ ಅದನ್ನು ಮೊದಲ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುವಂಥವು. ಫಲಿತಾಂಶದ ಬಫರ್ ಕರೆದವರದ್ದೇ ಇರಲಿ. ಅದರ ಅಳತೆಯನ್ನೂ ಕೇಳಿ, ಸಾಲದಿದ್ದರೆ ಸಾಲದು ಎಂದು ಸ್ಪಷ್ಟ ದೋಷಸಂಖ್ಯೆ ಕೊಡಿ.

ಒಳಗಿನ ಪಟ್ಟಿಯ, ಕ್ಯಾಶ್‌ನ ಪಾಯಿಂಟರನ್ನು ಹೊರಗೆ ಕೊಡಬೇಡಿ. ಲಾಕ್ ಹಿಡಿದು ಹುಡುಕಿದಿರಿ, ಸಿಕ್ಕ ದಾಖಲೆಯ ವಿಳಾಸ ಹಿಂತಿರುಗಿಸಿದಿರಿ, ಲಾಕ್ ಬಿಟ್ಟಿರಿ. ಆ ಕ್ಷಣದಿಂದ ಆ ವಿಳಾಸಕ್ಕೆ ಕಾವಲಿಲ್ಲ. ನಕಲು ಕೊಡಿ, ಇಲ್ಲವೇ ರೆಫರೆನ್ಸ್ ಎಣಿಕೆ ಇಟ್ಟು ಕೊಡಿ.

ಥ್ರೆಡ್ ಲೋಕಲ್ ವೇರಿಯೇಬಲ್ ಹಾಕಿದರೆ ಮುಗಿಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಎರ್‌ನೋ ವಿಷಯದಲ್ಲಿ ಅದು ಸರಿಯಾದ ಮದ್ದೇ ಆಗಿತ್ತು: ಒಂದು ಕಾಲಕ್ಕೆ ಇಡೀ ಪ್ರಾಸೆಸ್‌ಗೆ ಒಂದೇ ಪೂರ್ಣಾಂಕವಾಗಿದ್ದ ಎರ್‌ನೋ ಈಗ ಮ್ಯಾಕ್ರೋ, ಗ್ಲಿಬ್‌ಸಿಯಲ್ಲಿ ಅದು ಆಯಾ ಥ್ರೆಡ್‌ನ ಸ್ವಂತ ಜಾಗದ ವಿಳಾಸ ಕೊಡುವ ಫಂಕ್ಷನ್ ಕರೆಯಾಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಕೋಡ್ ಒಂದಕ್ಷರ ಬದಲಾಗದೆ ಸುರಕ್ಷಿತವಾಯಿತು. ಆದರೆ ಹೊಸ ಲೈಬ್ರರಿಗೆ ಇದನ್ನು ಮೊದಲ ಆಯ್ಕೆಯಾಗಿ ಬಳಸಬೇಡಿ. ಒಂದೇ ಕೆಲಸ ಇವತ್ತಿನ ಸರ್ವರ್‌ಗಳಲ್ಲಿ ಒಂದು ಥ್ರೆಡ್‌ನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಮೊದಲ ಥ್ರೆಡ್‌ನ ಜೇಬಿನಲ್ಲಿ ಉಳಿದ ಸ್ಥಿತಿ ಎರಡನೆಯದಕ್ಕೆ ಸಿಗುವುದಿಲ್ಲ.

ಪ್ರಾಸೆಸ್ ನಿಮ್ಮದಲ್ಲ

ಲೈಬ್ರರಿ ಎಂದರೆ ಬೇರೆಯವರ ಮನೆಗೆ ಬಂದ ನೆಂಟ. ನೆಂಟರು ಮನೆಯ ಸಾಮಾನು ಸ್ಥಳ ಬದಲಿಸುವುದಿಲ್ಲ.

ಹಾಗಾಗಿ ಸೆಟ್‌ಎನ್ವ್ ಕರೆಯಬೇಡಿ. ಪುಟ್‌ಎನ್ವ್ ಕೂಡ ಬೇಡ. ಎನ್ವಿರಾನ್‌ಮೆಂಟ್ ಪಟ್ಟಿ ಇಡೀ ಪ್ರಾಸೆಸ್‌ಗೆ ಒಂದೇ. ಗೆಟ್‌ಎನ್ವ್ ಅದರೊಳಗಿನ ನೇರ ಪಾಯಿಂಟರನ್ನೇ ಕೊಡುತ್ತದೆ. ಒಂದು ಥ್ರೆಡ್ ಹೊಸ ವೇರಿಯೇಬಲ್ ಸೇರಿಸುವಾಗ ಪಟ್ಟಿ ಬೇರೆ ಜಾಗಕ್ಕೆ ಹೋಗಬಹುದು, ಆಗ ಇನ್ನೊಂದು ಥ್ರೆಡ್ ಹಳೆಯ ಪಟ್ಟಿಯಲ್ಲಿ ಓದುತ್ತಿರುತ್ತದೆ. ನಾನು ಗೆಟ್‌ಎನ್ವ್ ಕರೆಯುವುದೇ ಇಲ್ಲವಲ್ಲ ಎನ್ನಬೇಡಿ. ಲೋಕಲ್‌ಟೈಮ್ ಬಳಗದ ಫಂಕ್ಷನ್‌ಗಳು ಟೈಮ್ ಝೋನ್ ತಿಳಿಯಲು, ಗೆಟ್‌ಅಡ್ರ್‌ಇನ್ಫೋ ಹೆಸರು ಹುಡುಕುವ ನಿಯಮ ತಿಳಿಯಲು ನಿಮ್ಮ ಬೆನ್ನ ಹಿಂದೆ ಅದನ್ನು ಓದುತ್ತವೆ. ರಸ್ಟ್ ಭಾಷೆ ತನ್ನ ಸೆಟ್‌ವಾರ್ ಫಂಕ್ಷನನ್ನು ಮೊದಲಿಂದ ಸುರಕ್ಷಿತವೆಂದು ಕರೆದಿತ್ತು; ಮೆಮೊರಿ ಸುರಕ್ಷತೆಯೇ ಪ್ರಾಣವಾಗಿರುವ ಆ ಭಾಷೆಯ 2024ರ ಆವೃತ್ತಿಯಲ್ಲಿ ಅದಕ್ಕೆ "ಅನ್‌ಸೇಫ್" ಮುದ್ರೆ ಒತ್ತಬೇಕಾಯಿತು. ಕಾರಣ ಕೆಳಗಿರುವ ಸಿ ಲೈಬ್ರರಿಯ ಈ ಪಟ್ಟಿ.

ಚ್‌ಡಿರ್ ಕರೆಯಬೇಡಿ: ಪ್ರಾಸೆಸ್‌ನ ಕೆಲಸದ ಡೈರೆಕ್ಟರಿ ಒಂದೇ, ನೀವು ಬದಲಿಸಿದರೆ ಎಲ್ಲ ಥ್ರೆಡ್‌ಗಳ ಸಾಪೇಕ್ಷ ಹಾದಿಗಳೂ ದಾರಿ ತಪ್ಪುತ್ತವೆ. ಡೈರೆಕ್ಟರಿಯ ಫೈಲ್ ಡಿಸ್ಕ್ರಿಪ್ಟರ್ ಹಿಡಿದು ಓಪನ್‌ಆಟ್ ಬಳಗದ ಕರೆಗಳನ್ನು ಬಳಸಿ. ಯುಮಾಸ್ಕ್ ಬದಲಿಸಬೇಡಿ, ಫೈಲ್ ಮಾಡಿದ ಮೇಲೆ ಅನುಮತಿಯನ್ನು ಆ ಡಿಸ್ಕ್ರಿಪ್ಟರ್ ಮೂಲಕವೇ ಹೊಂದಿಸಿ. ಸೆಟ್‌ಲೋಕೇಲ್ ಬೇಡವೇ ಬೇಡ. ದಶಮಾಂಶದ ಚುಕ್ಕೆ ಅಲ್ಪವಿರಾಮವಾಗಿ ಬೇರೆಯವರ ಸಂಖ್ಯೆಗಳು ಕೆಡುತ್ತವೆ. ಪಾಸಿಕ್ಸ್ 2008ರಿಂದ ಥ್ರೆಡ್‌ಗೆ ಸೀಮಿತವಾದ ಯೂಸ್‌ಲೋಕೇಲ್ ಇದೆ, ಅದನ್ನು ಬಳಸಿ, ಕೆಲಸ ಮುಗಿದ ಮೇಲೆ ಹಳೆಯದನ್ನು ಮರಳಿ ಕೂರಿಸಿ.

ಸಿಗ್ನಲ್ ಹ್ಯಾಂಡ್ಲರ್ ಕೂಡ ಇಡೀ ಪ್ರಾಸೆಸ್‌ನ ಸ್ವತ್ತು. ಲಿಬ್‌ಕರ್ಲ್ ಒಂದು ಕಾಲದಲ್ಲಿ ಡಿಎನ್‌ಎಸ್ ಹುಡುಕಾಟಕ್ಕೆ ಗಡುವು ಹಾಕಲು ಅಲಾರ್ಮ್ ಸಿಗ್ನಲ್ ನೆಚ್ಚಿಕೊಂಡಿತ್ತು. ಅದಕ್ಕಾಗಿಯೇ ಥ್ರೆಡ್ ಇರುವ ಪ್ರೋಗ್ರಾಮ್‌ಗಳು ಇವತ್ತಿಗೂ ಅದರ "ಸಿಗ್ನಲ್ ಬೇಡ" ಎಂಬ ಆಯ್ಕೆಯನ್ನು ಹೊಂದಿಸಬೇಕೆಂದು ಅದರ ಕೈಪಿಡಿ ಹೇಳುತ್ತದೆ. ಮುರಿದ ಸಾಕೆಟ್‌ಗೆ ಬರೆದಾಗ ಸಿಗ್‌ಪೈಪ್ ಬರುತ್ತದೆ ಎಂದು ಅದನ್ನು ಪ್ರಾಸೆಸ್ ಮಟ್ಟದಲ್ಲಿ ನಿರ್ಲಕ್ಷಿಸಲು ಹೋಗಬೇಡಿ. ಸೆಂಡ್ ಕರೆಗೆ ಸಿಗ್ನಲ್ ಬೇಡವೆಂಬ ಫ್ಲ್ಯಾಗ್ ಇದೆ. ಲೈಬ್ರರಿ ತನ್ನದೇ ಥ್ರೆಡ್ ಹುಟ್ಟಿಸುವುದಾದರೆ, ಹುಟ್ಟಿಸುವ ಮುನ್ನ ಎಲ್ಲ ಸಿಗ್ನಲ್‌ಗಳನ್ನೂ ಬ್ಲಾಕ್ ಮಾಡಿ, ಆಮೇಲೆ ಹಳೆಯ ಮಾಸ್ಕ್ ತಂದುಕೊಳ್ಳಿ. ಇಲ್ಲದಿದ್ದರೆ ಅಪ್ಲಿಕೇಶನ್‌ಗೆ ಬರಬೇಕಾದ ಸಿಗ್ನಲ್ ನಿಮ್ಮ ಥ್ರೆಡ್‌ನ ಮೇಲೆ ಬಂದು ಬೀಳುತ್ತದೆ.

ಲಾಕ್ ಕೆಲಸವನ್ನು ಅಪ್ಲಿಕೇಶನ್ ತಲೆಗೆ ಕಟ್ಟುವುದೂ ತಪ್ಪೇ. ಓಪನ್‌ಎಸ್‌ಎಸ್‌ಎಲ್‌ನ 1.1.0 ಆವೃತ್ತಿ 2016ರಲ್ಲಿ ಬರುವವರೆಗೆ, ಥ್ರೆಡ್ ಇರುವ ಪ್ರತಿ ಪ್ರೋಗ್ರಾಮ್ ತಾನೇ ಲಾಕ್ ಹಾಕುವ ಕಾಲ್‌ಬ್ಯಾಕ್ ಬರೆದು ನೋಂದಾಯಿಸಬೇಕಿತ್ತು. ಮರೆತವರ ಸರ್ವರ್ ಯಾವಾಗಲೋ ಒಮ್ಮೆ ಕುಸಿಯುತ್ತಿತ್ತು. ಒಂದೇ ಪ್ರೋಗ್ರಾಮ್‌ನಲ್ಲಿ ಎರಡು ಲೈಬ್ರರಿಗಳು ಓಪನ್‌ಎಸ್‌ಎಸ್‌ಎಲ್ ಬಳಸಿದರೆ, ಆ ಕಾಲ್‌ಬ್ಯಾಕ್ ಜಾಗ ಒಂದೇ ಇದ್ದುದರಿಂದ, ಒಬ್ಬರು ಕೂರಿಸಿದ್ದನ್ನು ಇನ್ನೊಬ್ಬರು ಎತ್ತಿಹಾಕುತ್ತಿದ್ದರು. 1.1.0ರಿಂದ ಲಾಕ್ ಹೊಣೆ ಲೈಬ್ರರಿಯೇ ಹೊತ್ತಿದೆ. ನಿಮ್ಮ ಒಳಗಿನ ಗ್ಲೋಬಲ್ ಸ್ಥಿತಿಯ ಕಾವಲು ನಿಮ್ಮದೇ ಕೆಲಸ.

ಮೊದಲ ಬಾರಿಯ ಸಿದ್ಧತೆ

ಗ್ಲೋಬಲ್ ಸಿದ್ಧತೆ ಬೇಕೇ ಬೇಕಿದ್ದರೆ ಪಿಥ್ರೆಡ್ ಒನ್ಸ್ ಅಥವಾ ಕಾಲ್ ಒನ್ಸ್ ಬಳಸಿ. ಸಿ ಪ್ಲಸ್ ಪ್ಲಸ್ 11ರಿಂದ ಫಂಕ್ಷನ್ ಒಳಗಿನ ಸ್ಟ್ಯಾಟಿಕ್ ವೇರಿಯೇಬಲ್‌ನ ಆರಂಭವನ್ನೂ ಭಾಷೆಯೇ ಕಾಯುತ್ತದೆ. ಇವೆರಡನ್ನು ಬಿಟ್ಟು ಸ್ವಂತ ಜಾಣ್ಮೆಗೆ ಹೋಗಬೇಡಿ. "ಪಾಯಿಂಟರ್ ಖಾಲಿಯೇ ಎಂದು ಲಾಕ್ ಇಲ್ಲದೆ ನೋಡು, ಖಾಲಿಯಿದ್ದರೆ ಲಾಕ್ ಹಿಡಿದು ಮತ್ತೆ ನೋಡು, ಆಮೇಲೆ ಕಟ್ಟು" ಎಂಬ ಎರಡು ಸಲದ ತಪಾಸಣೆ ಓದಲು ಸೊಗಸಾಗಿದೆ, ಆದರೆ ಸಾಮಾನ್ಯ ಪಾಯಿಂಟರ್ ಮೇಲೆ ಅದು ತಪ್ಪು. ಕಟ್ಟುವ ಥ್ರೆಡ್ ವಸ್ತುವಿನ ಒಳಗಿನದನ್ನು ತುಂಬಿ ಆಮೇಲೆ ಪಾಯಿಂಟರ್ ಬರೆದರೂ, ನೋಡುವ ಥ್ರೆಡ್‌ಗೆ ಪಾಯಿಂಟರ್ ಮೊದಲು ಕಾಣಬಹುದು, ಒಳಗಿನದು ಇನ್ನೂ ಕಸವೇ ಆಗಿರಬಹುದು. ಕಂಪೈಲರ್ ಬರಹಗಳ ಸರದಿ ಬದಲಿಸಬಹುದು, ಪ್ರೊಸೆಸರ್ ಕೂಡ. ಇಂಟೆಲ್ ಯಂತ್ರಗಳು ಬರಹಗಳ ಸರದಿಯನ್ನು ಬಹುಮಟ್ಟಿಗೆ ಕಾಯುವುದರಿಂದ ಇಂಥ ಕೋಡ್ ಅಲ್ಲಿ ವರ್ಷಗಟ್ಟಲೆ ಓಡಿ, ಆರ್ಮ್ ಸರ್ವರ್‌ಗೆ ಹೋದ ಮೇಲೆ ಬೀಳುತ್ತದೆ. ಸ್ಕಾಟ್ ಮೇಯರ್ಸ್ ಮತ್ತು ಆಂಡ್ರೇ ಅಲೆಕ್ಸಾಂಡ್ರೆಸ್ಕು 2004ರಲ್ಲಿಯೇ ಇದರ ಅಪಾಯವನ್ನು ಬಿಡಿಸಿ ಬರೆದಿದ್ದರು.

ವೊಲಟೈಲ್ ಹಾಕಿ ಸರಿಮಾಡಲು ಯತ್ನಿಸಬೇಡಿ. ಸಿ ಭಾಷೆಯ ವೊಲಟೈಲ್ ಹಾರ್ಡ್‌ವೇರ್ ರಿಜಿಸ್ಟರ್‌ಗಳಿಗೆ, ಥ್ರೆಡ್‌ಗಳ ನಡುವಿನ ಮಾತಿಗೆ ಅದು ಸಲ್ಲದು. ಜಾವಾದ ವೊಲಟೈಲ್ ಬೇರೆಯೇ ಅರ್ಥದ್ದು. ಅಲ್ಲಿಂದ ಬಂದವರು ಇಲ್ಲಿ ಮೋಸ ಹೋಗುವುದನ್ನು ರಿವ್ಯೂಗಳಲ್ಲಿ ಪದೇ ಪದೇ ಕಾಣುತ್ತೇವೆ. ಅಟಾಮಿಕ್ ಬೇಕಿದ್ದರೆ ಅಟಾಮಿಕ್ ಟೈಪ್ ಬಳಸಿ. ಹಾನ್ಸ್ ಬೋಮ್ 2005ರಲ್ಲಿ ಒಂದು ಪ್ರಬಂಧದಲ್ಲಿ, ಭಾಷೆಯ ನಿಯಮಗಳೇ ಥ್ರೆಡ್‌ಗಳನ್ನು ಅರಿಯದಿದ್ದರೆ ಬರಿಯ ಲೈಬ್ರರಿಯಿಂದ ಥ್ರೆಡ್‌ಗಳನ್ನು ಸರಿಯಾಗಿ ಒದಗಿಸಲಾಗದು ಎಂದು ತೋರಿಸಿದರು. 2011ರ ಸಿ ಮತ್ತು ಸಿ ಪ್ಲಸ್ ಪ್ಲಸ್ ಮಾನದಂಡಗಳಲ್ಲಿ ಆ ನಿಯಮಗಳು ಬಂದವು. ಅವುಗಳ ಪ್ರಕಾರ ಒಂದೇ ಜಾಗವನ್ನು ಒಂದು ಥ್ರೆಡ್ ಬರೆಯುವಾಗ ಇನ್ನೊಂದು ಕಾವಲಿಲ್ಲದೆ ಮುಟ್ಟಿದರೆ ಇಡೀ ಪ್ರೋಗ್ರಾಮ್‌ನ ನಡೆಗೆ ಯಾವ ಖಾತರಿಯೂ ಇಲ್ಲ. "ಬರಿ ಒಂದು ಕೌಂಟರ್ ತಾನೇ, ಒಂದೆರಡು ಹೆಚ್ಚುಕಡಿಮೆಯಾದರೆ ಏನು" ಎಂಬ ವಾದ ಇಲ್ಲಿಗೆ ಮುಗಿಯಿತು.

ಲಾಕ್ ಹಾಕುವವರಿಗೆ

ಲಾಕ್ ಡೇಟಾಗೆ ಸೇರಿದ್ದು, ಕೋಡ್‌ಗೆ ಅಲ್ಲ. ಸ್ಟ್ರಕ್ಚರ್‌ನ ಪ್ರತಿ ಫೀಲ್ಡ್ ಪಕ್ಕದಲ್ಲಿ ಅದನ್ನು ಯಾವ ಲಾಕ್ ಕಾಯುತ್ತದೆ ಎಂದು ಬರೆಯಿರಿ. ಕ್ಲ್ಯಾಂಗ್ ಕಂಪೈಲರ್‌ನ ಥ್ರೆಡ್ ಸುರಕ್ಷತೆಯ ಗುರುತುಗಳನ್ನು ಹಾಕಿದರೆ, ಲಾಕ್ ಹಿಡಿಯದೆ ಫೀಲ್ಡ್ ಮುಟ್ಟಿದವರನ್ನು ಕಂಪೈಲ್ ಹಂತದಲ್ಲೇ ಹಿಡಿಯಬಹುದು. ಓದಲು ಲಾಕ್ ಬೇಡ, ಬರೆಯಲು ಮಾತ್ರ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಲಾಕ್ ಹಿಡಿದುಕೊಂಡು ಬಳಕೆದಾರರ ಕಾಲ್‌ಬ್ಯಾಕ್ ಕರೆಯಬೇಡಿ. ಇಡೀ ಸೂಚನೆಯಲ್ಲಿ ಹೆಚ್ಚು ಮುರಿಯಲ್ಪಡುವ ಕಟ್ಟಳೆ ಇದೇ. ಆ ಕಾಲ್‌ಬ್ಯಾಕ್ ಒಳಗೆ ಅವರು ಏನು ಮಾಡುತ್ತಾರೆ ಎಂಬುದು ನಿಮಗೆ ಗೊತ್ತಿಲ್ಲ. ನಿಮ್ಮ ಲೈಬ್ರರಿಯನ್ನೇ ಮತ್ತೆ ಕರೆಯಬಹುದು, ಆಗ ಅದೇ ಥ್ರೆಡ್ ತನ್ನದೇ ಲಾಕ್‌ಗೆ ಕಾಯುತ್ತ ನಿಲ್ಲುತ್ತದೆ. ಅಥವಾ ಅವರದ್ದೊಂದು ಲಾಕ್ ಹಿಡಿಯಲು ಹೋಗಬಹುದು. ಅದನ್ನು ಹಿಡಿದ ಇನ್ನೊಂದು ಥ್ರೆಡ್ ನಿಮ್ಮ ಲಾಕ್‌ಗೆ ಕಾಯುತ್ತಿದ್ದರೆ ಇಬ್ಬರೂ ಅಲ್ಲೇ ನಿಂತರು. ಬೇಕಾದ ಮಾಹಿತಿಯನ್ನು ಲಾಕ್ ಒಳಗೆ ನಕಲಿಸಿಕೊಳ್ಳಿ, ಲಾಕ್ ಬಿಡಿ, ಆಮೇಲೆ ಕರೆಯಿರಿ. ರಿಕರ್ಸಿವ್ ಮ್ಯೂಟೆಕ್ಸ್ ಹಾಕಿ ಹ್ಯಾಂಗ್ ತಪ್ಪಿಸಿದೆ ಎಂದು ಪ್ಯಾಚ್ ತರಬೇಡಿ. ಅದು ಹ್ಯಾಂಗ್ ತಪ್ಪಿಸುತ್ತದೆ ನಿಜ, ಆದರೆ ಅರ್ಧ ಬದಲಾದ ಪಟ್ಟಿಯ ಮೇಲೆ ಇನ್ನೊಂದು ಬದಲಾವಣೆ ಹೂಡಲು ಬಾಗಿಲು ತೆರೆದಿಡುತ್ತದೆ.

ಎರಡು ಲಾಕ್ ಒಟ್ಟಿಗೆ ಬೇಕಾದರೆ ಹಿಡಿಯುವ ಸರದಿಯನ್ನು ಬರಹದಲ್ಲಿ ನಿಗದಿ ಮಾಡಿ, ಯಾರೂ ಮೀರಬೇಡಿ. ದೋಷ ಬಂದು ನಡುವೆಯೇ ಹಿಂತಿರುಗುವ ಪ್ರತಿ ದಾರಿಯಲ್ಲೂ ಲಾಕ್ ಬಿಟ್ಟಿದ್ದೀರಾ ನೋಡಿ. ಕಂಡಿಷನ್ ವೇರಿಯೇಬಲ್ ಮೇಲೆ ಕಾಯುವುದು ಯಾವಾಗಲೂ ವೈಲ್ ಲೂಪ್‌ನಲ್ಲೇ ಇರಲಿ, ಇಫ್‌ನಲ್ಲಿ ಬೇಡ. ಯಾರೂ ಎಬ್ಬಿಸದೆಯೂ ಎಚ್ಚರವಾಗಬಹುದು ಎಂದು ಪಾಸಿಕ್ಸ್ ಸ್ಪಷ್ಟವಾಗಿ ಹೇಳಿದೆ.

ಇನ್ನು ಎಪಿಐ ವಿನ್ಯಾಸ. ಒಂದೊಂದು ಫಂಕ್ಷನ್ ಸುರಕ್ಷಿತವಾಗಿದ್ದರೂ ಎರಡು ಸೇರಿದಾಗ ಸುರಕ್ಷಿತವಲ್ಲ. "ಸಾಲಿನಲ್ಲಿ ಏನಾದರೂ ಇದೆಯೇ" ಎಂದು ಒಂದು ಫಂಕ್ಷನ್, "ಮೊದಲನೆಯದನ್ನು ಕೊಡು" ಎಂದು ಇನ್ನೊಂದು ಕೊಟ್ಟರೆ, ಎರಡರ ನಡುವೆ ಬೇರೊಂದು ಥ್ರೆಡ್ ಬಂದು ಕೊನೆಯದನ್ನು ಎತ್ತಿಕೊಂಡು ಹೋಗಿರುತ್ತದೆ. "ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲವೆನ್ನು" ಎಂಬ ಒಂದೇ ಫಂಕ್ಷನ್ ಕೊಡಿ. ಇದನ್ನು ಆರಂಭದಲ್ಲೇ ಮಾಡಬೇಕು, ಎಪಿಐ ಹೊರಬಿದ್ದ ಮೇಲೆ ಒಳಗೆ ಎಷ್ಟು ಲಾಕ್ ಹಾಕಿದರೂ ಈ ತೂತು ಮುಚ್ಚುವುದಿಲ್ಲ.

ವೇಗದ ಮಾತು ಬಂದರೆ ಮೊದಲು ಅಳೆಯಿರಿ. ಲಿನಕ್ಸ್‌ನಲ್ಲಿ ಪೈಪೋಟಿ ಇಲ್ಲದ ಮ್ಯೂಟೆಕ್ಸ್ ಕರ್ನಲ್‌ವರೆಗೂ ಹೋಗುವುದಿಲ್ಲ, ಒಂದು ಅಟಾಮಿಕ್ ಸೂಚನೆಯಲ್ಲಿ ಮುಗಿಯುತ್ತದೆ. ಅಳೆಯದೆ ಲಾಕ್ ತೆಗೆದುಹಾಕುವ ಪ್ಯಾಚ್ ಒಪ್ಪುವಂಥದ್ದಲ್ಲ.

ಫೈಲ್ ಡಿಸ್ಕ್ರಿಪ್ಟರ್

ಡಿಸ್ಕ್ರಿಪ್ಟರ್ ಎಂಬುದು ಬರಿ ಒಂದು ಸಂಖ್ಯೆ, ಮುಚ್ಚಿದ ತಕ್ಷಣ ಕರ್ನಲ್ ಅದನ್ನು ಬೇರೆಯವರಿಗೆ ಕೊಡುತ್ತದೆ. ಹೊಸದಾಗಿ ಕೇಳಿದವರಿಗೆ ಖಾಲಿಯಿರುವ ಅತಿ ಚಿಕ್ಕ ಸಂಖ್ಯೆಯನ್ನೇ ಕೊಡಬೇಕೆಂಬ ನಿಯಮ ಇರುವುದರಿಂದ ಈ ಮರುಬಳಕೆ ಬಹಳ ಬೇಗ ಆಗುತ್ತದೆ. ಲಿನಕ್ಸ್‌ನಲ್ಲಿ ಕ್ಲೋಸ್ ಕರೆ ಸಿಗ್ನಲ್‌ನಿಂದ ತಡೆಯಲ್ಪಟ್ಟು ಇಇಂಟ್ರ್ ದೋಷ ಕೊಟ್ಟರೆ ಮತ್ತೆ ಕ್ಲೋಸ್ ಕರೆಯಬೇಡಿ. ರೀಡ್, ರೈಟ್‌ಗಳನ್ನು ಲೂಪ್‌ನಲ್ಲಿ ಮತ್ತೆ ಯತ್ನಿಸುವ ಅಭ್ಯಾಸ ಕೈಗೆ ಹತ್ತಿದವರು ಕ್ಲೋಸ್‌ಗೂ ಅದೇ ಲೂಪ್ ಹಾಕುತ್ತಾರೆ. ಆದರೆ ದೋಷ ಬರುವ ಹೊತ್ತಿಗೆ ನೀವು ಮುಚ್ಚಲು ಹೊರಟ ಸಂಖ್ಯೆ, 7 ಎಂದುಕೊಳ್ಳಿ, ಆಗಲೇ ಬಿಡುಗಡೆಯಾಗಿರುತ್ತದೆ. ಆ ಸಂದಿಯಲ್ಲಿ ಎರಡನೇ ಥ್ರೆಡ್ ಗ್ರಾಹಕರೊಬ್ಬರ ಸಾಕೆಟ್ ತೆರೆದರೆ ಅದಕ್ಕೆ 7 ಸಿಗುತ್ತದೆ. ನಿಮ್ಮ ಎರಡನೇ ಕ್ಲೋಸ್ ಮುಚ್ಚುವುದು ಆ ಸಾಕೆಟ್ಟನ್ನು. ಅಷ್ಟರಲ್ಲಿ ಮೂರನೇ ಥ್ರೆಡ್ ಒಂದು ಡೇಟಾ ಫೈಲ್ ತೆರೆದರೆ ಅದಕ್ಕೂ 7. ಈಗ ಎರಡನೇ ಥ್ರೆಡ್ ಗ್ರಾಹಕರಿಗೆ ಎಂದು ಬರೆಯುವುದೆಲ್ಲ ಆ ಫೈಲ್‌ಗೆ ಹೋಗಿ ಬೀಳುತ್ತದೆ. ಮೂರೂ ಥ್ರೆಡ್‌ಗಳ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿ ನಡೆದಿದೆ.

ಡಿಸ್ಕ್ರಿಪ್ಟರ್ ತೆರೆಯುವಾಗಲೇ ಕ್ಲೋಸ್ ಆನ್ ಎಕ್ಸೆಕ್ ಫ್ಲ್ಯಾಗ್ ಹಾಕಿ. ಮೊದಲು ತೆರೆದು ಆಮೇಲೆ ಎಫ್‌ಸಿಎನ್‌ಟಿಎಲ್ ಮೂಲಕ ಹಾಕುವುದು ಸಾಲದು, ನಡುವಿನ ಕ್ಷಣದಲ್ಲಿ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿ ಬೇರೆ ಪ್ರೋಗ್ರಾಮ್ ಓಡಿಸಿದರೆ ನಿಮ್ಮ ಗುಟ್ಟಿನ ಫೈಲ್ ಅದರ ಕೈಸೇರಿತು. ಲಿನಕ್ಸ್‌ಗೆ ಪೈಪ್2, ಡಪ್3, ಆಕ್ಸೆಪ್ಟ್4 ಮುಂತಾದ ಹೊಸ ಕರೆಗಳು ಬಂದದ್ದೇ ಈ ಸಂದಿ ಮುಚ್ಚಲು.

ಎಲ್‌ಸೀಕ್ ಮಾಡಿ ರೀಡ್ ಮಾಡಬೇಡಿ, ಪಿರೀಡ್ ಬಳಸಿ. ಬರೆಯಲು ಪಿರೈಟ್.

ಫೋರ್ಕ್, ಸಿಗ್ನಲ್

ಲೈಬ್ರರಿಯೊಳಗೆ ಫೋರ್ಕ್ ಮಾಡಬೇಡಿ. ಫೋರ್ಕ್ ಆದ ಮೇಲೆ ಮರಿ ಪ್ರಾಸೆಸ್‌ನಲ್ಲಿ ಉಳಿಯುವುದು ಕರೆದ ಥ್ರೆಡ್ ಒಂದೇ. ಉಳಿದ ಥ್ರೆಡ್‌ಗಳು ಇಲ್ಲವಾಗುತ್ತವೆ, ಅವು ಹಿಡಿದಿದ್ದ ಲಾಕ್‌ಗಳು ಮಾತ್ರ ಹಿಡಿದ ಸ್ಥಿತಿಯಲ್ಲೇ ನಕಲಾಗಿ ಬರುತ್ತವೆ, ಬಿಡುವವರು ಯಾರೂ ಇರುವುದಿಲ್ಲ. ಮರಿಯಲ್ಲಿ ಎಕ್ಸೆಕ್ ಆಗುವವರೆಗೆ ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಕರೆಯಬಹುದಾದ ಫಂಕ್ಷನ್‌ಗಳನ್ನಷ್ಟೇ ಕರೆಯಬೇಕು. ಮ್ಯಾಲಾಕ್ ಮತ್ತು ಪ್ರಿಂಟ್‌ಎಫ್ ಆ ಪಟ್ಟಿಯಲ್ಲಿಲ್ಲ. ಬೇರೆ ಪ್ರೋಗ್ರಾಮ್ ಓಡಿಸಬೇಕಿದ್ದರೆ ಪಾಸಿಕ್ಸ್ ಸ್ಪಾನ್ ಬಳಸಿ. ಪಿಥ್ರೆಡ್ ಆಟ್‌ಫೋರ್ಕ್ ನೋಂದಾಯಿಸಿ ಎಲ್ಲ ಸರಿಮಾಡುವ ಆಸೆ ಬೇಡ, ಎಲ್ಲ ಲೈಬ್ರರಿಗಳ ಎಲ್ಲ ಲಾಕ್‌ಗಳ ಸರದಿ ನಿಮಗೆ ತಿಳಿದಿರಲು ಸಾಧ್ಯವಿಲ್ಲ.

ಥ್ರೆಡ್‌ಗೆ ಸುರಕ್ಷಿತವಾದದ್ದೆಲ್ಲ ಸಿಗ್ನಲ್‌ಗೂ ಸುರಕ್ಷಿತ ಎಂದು ಭಾವಿಸಬೇಡಿ. ಲಾಕ್ ಹಾಕಿ ಥ್ರೆಡ್‌ಗಳಿಂದ ಕಾಪಾಡಿದ ಫಂಕ್ಷನ್, ಆ ಲಾಕ್ ಇರುವ ಕಾರಣಕ್ಕೇ ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಅಪಾಯಕಾರಿ: ಲಾಕ್ ಹಿಡಿದಿದ್ದ ಥ್ರೆಡ್ಡನ್ನೇ ಸಿಗ್ನಲ್ ತಡೆದು, ಹ್ಯಾಂಡ್ಲರ್ ಅದೇ ಲಾಕ್ ಕೇಳಿದರೆ ಮುಗಿಯಿತು. ಕ್ವಾಲಿಸ್ ಸಂಸ್ಥೆಯವರು 2024ರ ಜುಲೈನಲ್ಲಿ ಬಯಲು ಮಾಡಿದ ಓಪನ್‌ಎಸ್‌ಎಸ್‌ಎಚ್ ದೋಷ ಇದೇ ಜಾತಿಯದು. ಲಾಗಿನ್ ಆಗಲು ಕೊಟ್ಟ ಗಡುವು ಮುಗಿದಾಗ, ಡಿಫಾಲ್ಟ್ ಆಗಿ 120 ಸೆಕೆಂಡ್, ಅಲಾರ್ಮ್ ಸಿಗ್ನಲ್‌ನ ಹ್ಯಾಂಡ್ಲರ್ ಸಿಸ್‌ಲಾಗ್‌ನಂಥ ಅಸುರಕ್ಷಿತ ಫಂಕ್ಷನ್ ಕರೆಯುತ್ತಿತ್ತು. ಮೆಮೊರಿ ಹಂಚುವ ಕೆಲಸ ಅರ್ಧಕ್ಕೆ ನಿಂತಾಗ ಅದು ನಡೆದರೆ, ಪಾಸ್‌ವರ್ಡ್ ಇಲ್ಲದ ಹೊರಗಿನವರು ರೂಟ್ ಅಧಿಕಾರ ಪಡೆಯುವ ದಾರಿ ತೆರೆಯುತ್ತಿತ್ತು. ಬಹಳ ನೋವಿನ ಸಂಗತಿ ಎಂದರೆ ಇದೇ ದೋಷ 2006ರಲ್ಲಿ ಸರಿಯಾಗಿತ್ತು. 2020ರ ಒಂದು ಬದಲಾವಣೆಯಲ್ಲಿ ಕಾವಲು ಬಿದ್ದುಹೋಗಿ 8.5 ಆವೃತ್ತಿಯಿಂದ 9.8 ಬರುವವರೆಗೆ ಉಳಿಯಿತು. ಆದ್ದರಿಂದ ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ಎತ್ತಿ ಅಥವಾ ಒಂದು ಪೈಪ್‌ಗೆ ಒಂದು ಬೈಟ್ ಬರೆದು ಹೊರಬನ್ನಿ, ಎರ್‌ನೋ ಮೌಲ್ಯ ಉಳಿಸಿ ಮರಳಿಸಿ. ಯಾಕೆ ಹೀಗೆ ಬರೆದಿದೆ ಎಂಬ ಟಿಪ್ಪಣಿಯನ್ನು ಕೋಡ್ ಪಕ್ಕದಲ್ಲೇ ಬಿಡಿ. ಹದಿನಾಲ್ಕು ವರ್ಷದ ನಂತರ ಅದನ್ನು ಅಳಿಸಲು ಹೊರಟ ಕೈ ನಿಲ್ಲಬೇಕಾದರೆ ಆ ಟಿಪ್ಪಣಿ ಬೇಕು.

ಮುಚ್ಚುವಾಗ

ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ. ಒಂದು ಥ್ರೆಡ್ ಹ್ಯಾಂಡಲ್ ಬಳಸುತ್ತಿರುವಾಗ ಇನ್ನೊಂದು ಅದನ್ನು ಮುಚ್ಚಿದರೆ ಏನಾಗುತ್ತದೆ ಎಂದು ಹೆಡರ್‌ನಲ್ಲಿ ಹೇಳಿ. ಹ್ಯಾಂಡಲ್ ಒಳಗಿನ ಮ್ಯೂಟೆಕ್ಸ್ ಇದಕ್ಕೆ ಮದ್ದಲ್ಲ, ಹ್ಯಾಂಡಲ್ ಜೊತೆ ಆ ಮ್ಯೂಟೆಕ್ಸ್ ಕೂಡ ಹೋಗಿರುತ್ತದೆ. ನೀವು ಹುಟ್ಟಿಸಿದ ಥ್ರೆಡ್‌ಗಳನ್ನು ನಿಲ್ಲಿಸಿ, ಜಾಯಿನ್ ಮಾಡಿ, ಆಮೇಲೆ ಮೆಮೊರಿ ಬಿಡಿ. ಪಿಥ್ರೆಡ್ ಕ್ಯಾನ್ಸಲ್ ಬಳಸಬೇಡಿ. ಡಿಎಲ್‌ಕ್ಲೋಸ್ ಮೂಲಕ ಲೈಬ್ರರಿ ಕಳಚಿಹೋದ ಮೇಲೂ ಅದರ ಥ್ರೆಡ್ ಓಡುತ್ತಿದ್ದರೆ ಅದರ ಕಾಲಕೆಳಗಿನ ಕೋಡೇ ಮೆಮೊರಿಯಲ್ಲಿ ಇರುವುದಿಲ್ಲ.

ಪರೀಕ್ಷೆ, ಬರಹ

ಒಂದು ವಾರ ಓಡಿಸಿದೆ, ಏನೂ ಆಗಲಿಲ್ಲ ಎಂಬುದನ್ನು ಪುರಾವೆಯಾಗಿ ತರಬೇಡಿ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಟೆಕ್ಸಾಸ್‌ನ ಟೈಲರ್‌ನಲ್ಲಿ ನಡೆದ ಅವಘಡಗಳ ಹಿಂದೆ ಇದ್ದದ್ದು ಏಕಕಾಲದಲ್ಲಿ ಓಡುವ ಎರಡು ಕೆಲಸಗಳು ಹಂಚಿಕೊಂಡ ವೇರಿಯೇಬಲ್‌ಗಳು. ಯಂತ್ರದ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡ್ ಬೇಕಿತ್ತು; ಅಷ್ಟರೊಳಗೆ ಆಪರೇಟರ್ ಪರದೆಯ ಮೇಲಿನ ವಿವರ ತಿದ್ದಿದರೆ ಆ ತಿದ್ದುಪಡಿ ಯಂತ್ರಕ್ಕೆ ಪೂರ್ತಿಯಾಗಿ ತಿಳಿಯುತ್ತಿರಲಿಲ್ಲ. ನಿಧಾನವಾಗಿ ಟೈಪ್ ಮಾಡಿದ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ, ಕೈ ಪಳಗಿದವರು ವೇಗವಾಗಿ ಟೈಪ್ ಮಾಡಿದಾಗ ಕಂಡಿತು.

ಆದ್ದರಿಂದ ಪ್ರತಿ ಬಿಲ್ಡ್‌ನಲ್ಲಿ ಥ್ರೆಡ್‌ಸ್ಯಾನಿಟೈಸರ್ ಓಡಿಸಿ. ಕ್ಲ್ಯಾಂಗ್‌ನಲ್ಲೂ ಜಿಸಿಸಿಯಲ್ಲೂ ಅದು ಇದೆ. ಪ್ರೋಗ್ರಾಮ್ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿಯೂ ಹಲವು ಪಟ್ಟು ಬೇಕಾಗುತ್ತದೆ. ಆ ಖರ್ಚು ಮಾಡಿ. ಅದು ಓಡಿದ ದಾರಿಯನ್ನಷ್ಟೇ ನೋಡಬಲ್ಲದು ಎಂಬುದನ್ನೂ ಮರೆಯಬೇಡಿ: ದೋಷದ ದಾರಿಗಳನ್ನು, ಮುಚ್ಚುವ ದಾರಿಗಳನ್ನು ಬೇಕೆಂದೇ ಹಲವು ಥ್ರೆಡ್‌ಗಳಿಂದ ಒಮ್ಮೆಗೇ ಓಡಿಸುವ ಪರೀಕ್ಷೆ ಬರೆಯಿರಿ. ಇಂಟೆಲ್ ಯಂತ್ರದ ಮೇಲೆ ಮಾತ್ರವಲ್ಲ, ಆರ್ಮ್ ಮೇಲೂ ಓಡಿಸಿ. ಥ್ರೆಡ್‌ಸ್ಯಾನಿಟೈಸರ್ ಕೊಟ್ಟ ಎಚ್ಚರಿಕೆಯನ್ನು "ಇದು ನಿರಪಾಯ" ಎಂದು ಬರೆದು ಮುಚ್ಚಿಡಬೇಡಿ.

ಪೈಥಾನ್‌ಗೆ ಸಿ ಎಕ್ಸ್‌ಟೆನ್ಷನ್ ಬರೆಯುವವರು ಈಗ ವಿಶೇಷವಾಗಿ ಎಚ್ಚರ ವಹಿಸಿ. ಇಷ್ಟು ವರ್ಷ ಇಂಟರ್‌ಪ್ರಿಟರ್‌ನ ದೊಡ್ಡ ಲಾಕ್ ನಿಮ್ಮ ಸ್ಟ್ಯಾಟಿಕ್ ವೇರಿಯೇಬಲ್‌ಗಳನ್ನು ನಿಮಗೆ ತಿಳಿಯದಂತೆ ಕಾಯುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಆ ಲಾಕ್ ಇಲ್ಲದ ಬಿಲ್ಡ್ ಪ್ರಾಯೋಗಿಕವಾಗಿ ಸಿಕ್ಕಿತು. ಲಾಕ್ ಇಲ್ಲದೆಯೂ ಸುರಕ್ಷಿತ ಎಂದು ಮಾಡ್ಯೂಲ್ ತಾನೇ ಹೇಳಿಕೊಳ್ಳದಿದ್ದರೆ ಆ ಬಿಲ್ಡ್ ಲಾಕನ್ನು ಮತ್ತೆ ಚಾಲೂ ಮಾಡುತ್ತದೆ. ಪರಿಶೀಲಿಸದೆ ಆ ಘೋಷಣೆ ಹಾಕಬೇಡಿ.

ಕೊನೆಯ ಕಟ್ಟಳೆ ಬರಹದ್ದು. "ಥ್ರೆಡ್ ಸೇಫ್" ಎಂಬ ಎರಡು ಪದ ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಎಸ್‌ಕ್ಯೂಲೈಟ್ ಅನ್ನು ನೋಡಿ: ಒಂದೇ ಥ್ರೆಡ್ ಬಳಸಬಹುದಾದ ಬಿಲ್ಡ್, ಹಲವು ಥ್ರೆಡ್ ಇದ್ದರೂ ಒಂದು ಕನೆಕ್ಷನ್ ಒಮ್ಮೆಗೆ ಒಂದು ಥ್ರೆಡ್‌ಗೆ ಮಾತ್ರ ಎನ್ನುವ ಬಿಲ್ಡ್, ಕನೆಕ್ಷನ್ ಕೂಡ ಹಂಚಿಕೊಳ್ಳಬಹುದಾದ ಬಿಲ್ಡ್ ಎಂದು ಮೂರು ಬಗೆ ಮಾಡಿ, ಯಾವುದು ಲಿಂಕ್ ಆಗಿದೆ ಎಂದು ಕೇಳಲು ಒಂದು ಫಂಕ್ಷನ್ ಕೂಡ ಕೊಟ್ಟಿದೆ. ಗ್ಲಿಬ್‌ಸಿ ಕೈಪಿಡಿ ಪ್ರತಿ ಫಂಕ್ಷನ್ ಎದುರು ಥ್ರೆಡ್, ಸಿಗ್ನಲ್, ಕ್ಯಾನ್ಸಲ್ ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ, ಎನ್ವಿರಾನ್‌ಮೆಂಟ್‌ನಿಂದ ಅಪಾಯವೋ ಲೋಕೇಲ್‌ನಿಂದ ಅಪಾಯವೋ ಎಂದೂ ಹೇಳುತ್ತದೆ. ನಿಮ್ಮ ಹೆಡರ್ ಫೈಲ್‌ನಲ್ಲಿ ಪ್ರತಿ ಫಂಕ್ಷನ್ ಮೇಲೆ ಇಷ್ಟು ಬರೆಯಿರಿ: ಬೇರೆ ಬೇರೆ ಹ್ಯಾಂಡಲ್‌ಗಳ ಮೇಲೆ ಒಮ್ಮೆಗೇ ಕರೆಯಬಹುದೇ, ಒಂದೇ ಹ್ಯಾಂಡಲ್ ಮೇಲೆ ಕರೆಯಬಹುದೇ, ಕಾಲ್‌ಬ್ಯಾಕ್ ಯಾವ ಥ್ರೆಡ್‌ನಲ್ಲಿ ಬರುತ್ತದೆ, ಫೋರ್ಕ್ ನಂತರ ಬಳಸಬಹುದೇ. ಈ ಸಾಲುಗಳನ್ನು ಖಚಿತವಾಗಿ ಬರೆಯಲು ಆಗದಿದ್ದರೆ ಆ ಫಂಕ್ಷನ್ ಇನ್ನೂ ಮುಗಿದಿಲ್ಲ. ಅದನ್ನು ಬಿಡುಗಡೆ ಮಾಡಬೇಡಿ.